ಸರ್ವರ್ ಬದಲಾದರೂ ದತ್ತಾಂಶ ಉಳಿಯಬೇಕಾದರೆ

ಕಚೇರಿ, ಆಸ್ಪತ್ರೆ, ಕಾಲೇಜುಗಳಲ್ಲಿ ಹಗಲಿರುಳು ಚಾಲನೆಯಲ್ಲಿದ್ದು ಹಲವು ಕಂಪ್ಯೂಟರ್‌ಗಳಿಗೆ ಕಡತಗಳನ್ನೂ ಸೇವೆಗಳನ್ನೂ ಒದಗಿಸುವ ಸರ್ವರ್‌ಗೆ ವಯಸ್ಸಾದಾಗ, ಅದರ ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ವಿದ್ಯುತ್ ಘಟಕಗಳು ಹಳತಾಗಿದ್ದರೂ ಒಳಗಿನ ಹಾರ್ಡ್ ಡಿಸ್ಕ್‌ಗಳು ಇನ್ನೂ ಸುಸ್ಥಿತಿಯಲ್ಲಿರುವುದು ಸಾಮಾನ್ಯ. ಆಗ ಡಿಸ್ಕನ್ನು ಹಳೆಯ ಯಂತ್ರದಿಂದ ಕಳಚಿ ಹೊಸದಕ್ಕೆ ಜೋಡಿಸಿದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಆದರೆ ಡಿಸ್ಕಿನ ಮೇಲಿರುವ ಸೊನ್ನೆ ಮತ್ತು ಒಂದುಗಳ ಸಾಲು ತನ್ನಷ್ಟಕ್ಕೆ ತಾನು ಕಡತವಾಗುವುದಿಲ್ಲ. ಅದನ್ನು ಹೀಗೆ ಓದಬೇಕು ಎಂದು ತಿಳಿಸುವ ಮಾಹಿತಿ ಹಲವು ಪದರಗಳಲ್ಲಿ ಹಂಚಿಹೋಗಿದ್ದು, ಅದರಲ್ಲಿ ಒಂದಷ್ಟು ಡಿಸ್ಕಿನಲ್ಲೇ ಇದ್ದರೆ ಇನ್ನೊಂದಷ್ಟು ಹಳೆಯ ಸರ್ವರ್‌ನಲ್ಲಿ ಉಳಿದಿರುತ್ತದೆ. ಸ್ಥಳಾಂತರದ ವೇಳೆ ದತ್ತಾಂಶ ನಾಶವಾಗುವ ಅನೇಕ ಪ್ರಸಂಗಗಳಲ್ಲಿ ಡಿಸ್ಕ್ ಕೆಟ್ಟಿರುವುದೇ ಇಲ್ಲ. ಈ ಮಾಹಿತಿಯ ಕೊಂಡಿ ತಪ್ಪಿ, ಹೊಸ ಸರ್ವರ್ ಆ ಡಿಸ್ಕನ್ನು ಖಾಲಿಯೆಂದು ಭಾವಿಸಿದಾಗ, ಮನುಷ್ಯರೇ ಅದರ ಮೇಲೆ ಹೊಸದಾಗಿ ಬರೆಯಲು ಅನುಮತಿ ಕೊಟ್ಟಿರುತ್ತಾರೆ.

ಡಿಸ್ಕನ್ನೇ ಸಾಗಿಸುವ ಯೋಚನೆಗೆ ಬಲವಾದ ಕಾರಣವಿದೆ. ಸೆಕೆಂಡಿಗೆ 1 ಗಿಗಾಬಿಟ್ ವೇಗದ ಸ್ಥಳೀಯ ಜಾಲದಲ್ಲಿ ವಾಸ್ತವವಾಗಿ ಸಾಗುವುದು ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಆದ್ದರಿಂದ, 10 ಟೆರಾಬೈಟ್ ದತ್ತಾಂಶವನ್ನು ಹೀಗೆ ನಕಲಿಸಲು 25 ಗಂಟೆಗಳಿಗೂ ಹೆಚ್ಚು ಸಮಯ ಬೇಕು. ಅದೇ ದತ್ತಾಂಶ 100 ಮೆಗಾಬಿಟ್ ವೇಗದ ಇಂಟರ್ನೆಟ್ ಸಂಪರ್ಕದಲ್ಲಿ ಹೋಗಬೇಕಾದರೆ ಒಂಬತ್ತು ದಿನಗಳೂ ಸಾಲವು. ಡಿಸ್ಕನ್ನು ಕಳಚಿ ಜೋಡಿಸುವುದಕ್ಕೆ ಅರ್ಧ ಗಂಟೆ ಸಾಕು. ಈ ಅಂತರ ದೊಡ್ಡದಾಗಿರುವುದರಿಂದಲೇ ಮುನ್ನೆಚ್ಚರಿಕೆಗೆ ಕೊಡಬೇಕಾದ ಸಮಯವನ್ನೂ ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ, ಅಪಾಯವೂ ಅಲ್ಲಿಂದಲೇ ಆರಂಭವಾಗುತ್ತದೆ.

ಪದರಗಳ ಪರಿಚಯ ಕೆಳಗಿನಿಂದ ಆರಂಭವಾಗಬೇಕು. ಹಾರ್ಡ್ ಡಿಸ್ಕಿನ ಕಾಂತೀಯ ತಟ್ಟೆಗಳ ಮೇಲಿನ ಜಾಗವು 512 ಅಥವಾ 4096 ಬೈಟ್‌ಗಳ ಸೆಕ್ಟರ್ ಎಂಬ ಸಣ್ಣ ತುಂಡುಗಳಾಗಿ ವಿಭಜನೆಗೊಂಡಿದ್ದು, ಪ್ರತಿ ಸೆಕ್ಟರ್‌ಗೂ ಒಂದು ಸಂಖ್ಯೆ ಇರುತ್ತದೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗಿನ ಸೆಕ್ಟರ್‌ಗಳು ಒಂದು ಭಾಗಕ್ಕೆ ಸೇರಿವೆ ಎಂದು ಹೇಳುವ ಪಟ್ಟಿಗೆ ಪಾರ್ಟಿಷನ್ ಕೋಷ್ಟಕ ಎನ್ನುತ್ತಾರೆ. ಹಳೆಯ ಪದ್ಧತಿಯಾದ ಎಂಬಿಆರ್ ಈ ಕೋಷ್ಟಕವನ್ನು ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ ಮಾತ್ರ ಇಡುತ್ತದೆ, ಮತ್ತು ಸೆಕ್ಟರ್ ಸಂಖ್ಯೆಗೆ 32 ಬಿಟ್‌ಗಳನ್ನಷ್ಟೇ ಬಳಸುವುದರಿಂದ 512 ಬೈಟ್‌ಗಳ ಲೆಕ್ಕದಲ್ಲಿ ಸುಮಾರು 2.2 ಟೆರಾಬೈಟ್‌ಗಿಂತ ಆಚೆಗಿನ ಜಾಗವನ್ನು ಗುರುತಿಸಲಾರದು. ಜಿಪಿಟಿ ಎಂಬ ಹೊಸ ಪದ್ಧತಿ ಕೋಷ್ಟಕದ ಒಂದು ಪ್ರತಿಯನ್ನು ಡಿಸ್ಕಿನ ಆರಂಭದಲ್ಲೂ ಇನ್ನೊಂದನ್ನು ಕೊನೆಯಲ್ಲೂ ಇಡುತ್ತದೆ. ಸರ್ವೆ ನಕ್ಷೆ ಕಳೆದುಹೋದರೂ ಹೊಲ ಇದ್ದಲ್ಲೇ ಇದ್ದು, ಯಾರ ಹಿಸ್ಸೆ ಎಲ್ಲಿಂದ ಎಲ್ಲಿಗೆ ಎಂಬುದು ಮಾತ್ರ ತಿಳಿಯದೆ ಹೋಗುವಂತೆ, ಈ ಕೋಷ್ಟಕ ಅಳಿಸಿಹೋದರೂ ದತ್ತಾಂಶ ತಟ್ಟೆಯ ಮೇಲೆ ಹಾಗೆಯೇ ಇರುತ್ತದೆ. ಅಷ್ಟರಲ್ಲಿ ಯಾರೂ ಅದರ ಮೇಲೆ ಬರೆಯದಿದ್ದರೆ ಅದನ್ನು ಮತ್ತೆ ಪಡೆಯುವ ಸಾಧ್ಯತೆಯೂ ಇರುತ್ತದೆ.

ಪಾರ್ಟಿಷನ್‌ನ ಮೇಲಿನ ಪದರವೇ ಕಡತ ವ್ಯವಸ್ಥೆ. ಕಡತದ ಹೆಸರು, ಗಾತ್ರ, ಒಡೆತನ ಹಾಗೂ ಅದರ ತುಣುಕುಗಳಿರುವ ಸ್ಥಾನ ಇವೆಲ್ಲವನ್ನೂ ದಾಖಲಿಸುವುದು ಇದೇ. ಲಿನಕ್ಸ್‌ನಲ್ಲಿ ಎಕ್ಸ್ಟ್4 ಮತ್ತು ಎಕ್ಸ್‌ಎಫ್‌ಎಸ್, ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್ ಪ್ರಸಿದ್ಧವಾಗಿವೆ. ಎಕ್ಸ್ಟ್4 ಇರುವ ಡಿಸ್ಕನ್ನು ವಿಂಡೋಸ್ ಸರ್ವರ್‌ಗೆ ಜೋಡಿಸಿದಾಗ, ಆ ಬರವಣಿಗೆಯ ಪರಿಚಯವಿಲ್ಲದ ವಿಂಡೋಸ್, ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂದು ಸೂಚಿಸಬಹುದು. ಪಾರ್ಟಿಷನ್ ಕೋಷ್ಟಕವೇ ಅದಕ್ಕೆ ಕಾಣದಿದ್ದರೆ ಡಿಸ್ಕನ್ನು ‘ಇನಿಷಿಯಲೈಸ್’ ಮಾಡುವಂತೆ, ಅಂದರೆ ಹೊಸ ಕೋಷ್ಟಕ ಬರೆಯಲು ಒಪ್ಪಿಗೆ ನೀಡುವಂತೆ ಕೇಳುತ್ತದೆ. ಯಂತ್ರದ ದೃಷ್ಟಿಯಲ್ಲಿ ಇದು ಸಹಜವಾದ ಪ್ರಶ್ನೆ. ದತ್ತಾಂಶವನ್ನು ಹೊತ್ತು ತಂದವರು ಮಾತ್ರ ಈ ಎರಡೂ ಪ್ರಶ್ನೆಗಳಿಗೆ ಬೇಡವೆಂದೇ ಉತ್ತರಿಸಬೇಕು.

ಸರ್ವರ್‌ಗಳ ಲೋಕದಲ್ಲಿ ಕಡತ ವ್ಯವಸ್ಥೆಗೂ ಡಿಸ್ಕಿಗೂ ನಡುವೆ ಇನ್ನೊಂದು ಪದರವಿರುವುದೇ ಹೆಚ್ಚು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್ ಅವರು ತಮ್ಮ ಪ್ರಬಂಧವೊಂದರಲ್ಲಿ, ಒಂದು ದುಬಾರಿ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಕೂಡಿಸಿ ಬಳಸುವ ವಿಧಾನಗಳನ್ನು ವರ್ಗೀಕರಿಸಿ ಅದಕ್ಕೆ ರೇಡ್ ಎಂಬ ಹೆಸರಿಟ್ಟರು. ರೇಡ್ 1 ಎಂಬ ಬಗೆಯಲ್ಲಿ ಎರಡು ಡಿಸ್ಕ್‌ಗಳು ಪರಸ್ಪರರ ಪ್ರತಿಬಿಂಬವಾಗಿರುತ್ತವೆ. ರೇಡ್ 5ರಲ್ಲಿ ದತ್ತಾಂಶವನ್ನು ತುಂಡುಗಳಾಗಿ ಎಲ್ಲ ಡಿಸ್ಕ್‌ಗಳಿಗೂ ಹಂಚಿ, ಯಾವುದಾದರೂ ಒಂದು ಡಿಸ್ಕ್ ಕೆಟ್ಟರೆ ಉಳಿದವುಗಳಿಂದ ಅದರ ಅಂಶವನ್ನು ಲೆಕ್ಕಹಾಕಿ ಪಡೆಯಲು ಬರುವಂತೆ ಪ್ಯಾರಿಟಿ ಎಂಬ ಪೂರಕ ಮಾಹಿತಿಯನ್ನೂ ಬರೆಯಲಾಗುತ್ತದೆ. ಹೀಗಾಗಿ ರೇಡ್ 5ರ ನಾಲ್ಕು ಡಿಸ್ಕ್‌ಗಳಲ್ಲಿ ಒಂದನ್ನು ಮಾತ್ರ ತೆಗೆದು ಬೇರೆ ಸರ್ವರ್‌ಗೆ ಹಾಕಿದರೆ ಅಲ್ಲಿ ಕಾಣುವುದು ಅರ್ಥವಾಗದ ಚೂರುಗಳು. ಯಾವ ಡಿಸ್ಕ್ ಎಷ್ಟನೆಯದು, ತುಂಡಿನ ಗಾತ್ರವೆಷ್ಟು, ಪ್ಯಾರಿಟಿ ಯಾವ ಕ್ರಮದಲ್ಲಿ ಸುತ್ತುತ್ತದೆ ಎಂಬ ವಿವರಗಳೆಲ್ಲವೂ ಡಿಸ್ಕ್‌ಗಳ ಜೊತೆಯಲ್ಲೇ ಸಾಗಬೇಕು.

ಈ ವಿವರಗಳು ಎಲ್ಲಿವೆ ಎಂಬುದು ರೇಡ್ ಅನ್ನು ನಡೆಸುತ್ತಿರುವವರು ಯಾರು ಎಂಬುದನ್ನು ಅವಲಂಬಿಸಿದೆ. ಲಿನಕ್ಸ್‌ನ ತಂತ್ರಾಂಶ ರೇಡ್ ತನ್ನ ವಿವರಗಳನ್ನು ಸೂಪರ್‌ಬ್ಲಾಕ್ ಎಂಬ ಭಾಗದಲ್ಲಿ ಪ್ರತಿ ಡಿಸ್ಕಿನಲ್ಲೂ ಬರೆದಿಡುತ್ತದೆ. ಈಗ ರೂಢಿಯಲ್ಲಿರುವ 1.2 ಆವೃತ್ತಿಯಲ್ಲಿ ಇದು ಆರಂಭದಿಂದ 4 ಕಿಲೋಬೈಟ್ ದೂರದಲ್ಲಿ ಇರುತ್ತದೆ. ಆದ್ದರಿಂದ ಅಂಥ ಡಿಸ್ಕ್‌ಗಳನ್ನು ಯಾವ ಲಿನಕ್ಸ್ ಸರ್ವರ್‌ಗೆ ಯಾವ ಕ್ರಮದಲ್ಲಿ ಜೋಡಿಸಿದರೂ ಎಂಡಿಎಡಿಎಂ ಎಂಬ ಉಪಕರಣ ಅವುಗಳನ್ನು ಗುರುತಿಸಿ ಕೂಡಿಸಬಲ್ಲದು. ಈ ಉಪಕರಣಕ್ಕೆ ಕೊಡುವ ಆದೇಶಗಳಲ್ಲಿ ‘ಅಸೆಂಬಲ್’ ಎಂಬುದು ಇರುವ ವಿವರಗಳನ್ನು ಓದಿ ಹಳೆಯ ಗುಂಪನ್ನು ಮತ್ತೆ ಕೂಡಿಸಿದರೆ, ‘ಕ್ರಿಯೇಟ್’ ಎಂಬುದು ಹಳೆಯ ವಿವರಗಳ ಮೇಲೆ ಹೊಸ ವಿವರಗಳನ್ನು ಬರೆದು ಹೊಸ ಗುಂಪನ್ನೇ ಹುಟ್ಟಿಸುತ್ತದೆ. ಎರಡನೆಯದನ್ನು ಬಳಸಿ, ಡಿಸ್ಕ್‌ಗಳ ಕ್ರಮವೂ ತಪ್ಪಿದ್ದರೆ, ಪ್ಯಾರಿಟಿಯನ್ನು ಸರಿಹೊಂದಿಸುವ ಕಾರ್ಯ ತಾನಾಗಿಯೇ ಶುರುವಾಗಿ, ಸರಿಯಾಗಿದ್ದ ದತ್ತಾಂಶದ ಮೇಲೆ ತಪ್ಪು ಲೆಕ್ಕ ಬರೆಯುತ್ತ ಹೋಗುತ್ತದೆ.

ಯಂತ್ರಾಂಶ ರೇಡ್‌ನಲ್ಲಿ ಈ ಕೆಲಸವನ್ನು ಮಾಡುವುದು ಕಂಟ್ರೋಲರ್ ಎಂಬ ಪ್ರತ್ಯೇಕ ಕಾರ್ಡ್. ಅದು ಡಿಸ್ಕ್‌ಗಳ ಮೇಲೆ ಬರೆಯುವ ವಿವರಗಳ ರೂಪ ತಯಾರಕರಿಂದ ತಯಾರಕರಿಗೆ, ಕೆಲವೊಮ್ಮೆ ಪೀಳಿಗೆಯಿಂದ ಪೀಳಿಗೆಗೆ ಬೇರೆಯಾಗುವುದರಿಂದ, ಹೊಸ ಸರ್ವರ್‌ನಲ್ಲಿ ಅದೇ ಕುಟುಂಬದ ಕಂಟ್ರೋಲರ್ ಇದೆಯೇ ಎಂಬುದನ್ನು ಡಿಸ್ಕ್ ಕಳಚುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಹೊಂದುವ ಕಂಟ್ರೋಲರ್ ಇದ್ದಾಗ ಅದು ಬಂದ ಡಿಸ್ಕ್‌ಗಳನ್ನು ‘ಫಾರಿನ್’, ಅಂದರೆ ಹೊರಗಿನವು, ಎಂದು ಗುರುತಿಸಿ ಎರಡು ದಾರಿಗಳನ್ನು ಮುಂದಿಡುತ್ತದೆ: ‘ಇಂಪೋರ್ಟ್’ ಎಂದರೆ ಆ ವಿವರಗಳನ್ನು ಒಪ್ಪಿ ಸೇರಿಸಿಕೊಳ್ಳುವುದು, ‘ಕ್ಲಿಯರ್’ ಎಂದರೆ ಅವನ್ನು ಅಳಿಸಿ ಡಿಸ್ಕ್‌ಗಳನ್ನು ಹೊಸದರಂತೆ ಬಳಸಲು ಬಿಡುವುದು. ಪರದೆಯ ಮೇಲೆ ಅಕ್ಕಪಕ್ಕದಲ್ಲೇ ಕಾಣುವ ಈ ಎರಡು ಪದಗಳಲ್ಲಿ ಯಾವುದನ್ನು ಒತ್ತಬೇಕೆಂಬುದು ತಂತ್ರಜ್ಞರ ಮನಸ್ಸಿನಲ್ಲಿ ಮೊದಲೇ ನಿರ್ಧಾರವಾಗಿರಬೇಕು. ಇದಲ್ಲದೆ ಕಂಟ್ರೋಲರ್‌ನ ಸ್ವಂತ ಸ್ಮೃತಿಯಲ್ಲಿ, ಬ್ಯಾಟರಿಯ ಆಸರೆಯಲ್ಲಿ, ಡಿಸ್ಕಿಗೆ ಇನ್ನೂ ಇಳಿಯದ ದತ್ತಾಂಶ ಕಾದಿರುವ ಸಾಧ್ಯತೆಯುಂಟು. ಸರ್ವರ್ ಅನ್ನು ಕ್ರಮಬದ್ಧವಾಗಿ ಮುಚ್ಚದೆ ಡಿಸ್ಕ್‌ಗಳನ್ನು ಎಳೆದರೆ ಆ ದತ್ತಾಂಶ ಹಳೆಯ ಕಾರ್ಡಿನಲ್ಲೇ ಉಳಿದುಹೋಗುತ್ತದೆ.

ಕೆಲವು ವ್ಯವಸ್ಥೆಗಳಲ್ಲಿ ಡಿಸ್ಕನ್ನು ಬೀಳ್ಕೊಡುವುದಕ್ಕೂ ಬರಮಾಡಿಕೊಳ್ಳುವುದಕ್ಕೂ ನಿಯತವಾದ ಕ್ರಮವೇ ಇದೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ರೂಪಿಸಿದ ಝಡ್‌ಎಫ್‌ಎಸ್, ಡಿಸ್ಕ್‌ಗಳ ಗುಂಪಿಗೆ ಪೂಲ್ ಎಂದು ಹೆಸರಿಟ್ಟು, ಅದರ ವಿವರಗಳನ್ನು ಪ್ರತಿ ಡಿಸ್ಕಿನಲ್ಲೂ ಆರಂಭದಲ್ಲಿ ಎರಡು, ಕೊನೆಯಲ್ಲಿ ಎರಡು ಹೀಗೆ ನಾಲ್ಕು ಪ್ರತಿಗಳಲ್ಲಿ ಬರೆಯುತ್ತದೆ. ಹಳೆಯ ಸರ್ವರ್‌ನಲ್ಲಿ ಪೂಲನ್ನು ‘ಎಕ್ಸ್‌ಪೋರ್ಟ್’ ಮಾಡಿದರೆ ಬಾಕಿ ಬರವಣಿಗೆಯೆಲ್ಲ ಮುಗಿದು ಅದು ಯಾವ ಯಂತ್ರಕ್ಕೂ ಸೇರದ ಸ್ಥಿತಿಗೆ ಬರುತ್ತದೆ, ಹೊಸ ಸರ್ವರ್‌ನಲ್ಲಿ ‘ಇಂಪೋರ್ಟ್’ ಮಾಡಿದಾಗ ಅದಕ್ಕೆ ಸೇರುತ್ತದೆ. ಎಕ್ಸ್‌ಪೋರ್ಟ್ ಮಾಡದೆ ತಂದ ಪೂಲನ್ನು ಬೇರೊಂದು ಯಂತ್ರ ಬಳಸುತ್ತಿರಬಹುದೆಂಬ ಎಚ್ಚರದಿಂದ ಝಡ್‌ಎಫ್‌ಎಸ್ ಸುಲಭಕ್ಕೆ ಒಪ್ಪುವುದಿಲ್ಲ. ಲಿನಕ್ಸ್‌ನ ಎಲ್‌ವಿಎಂ, ಅಂದರೆ ಹಲವು ಡಿಸ್ಕ್‌ಗಳ ಜಾಗವನ್ನು ಒಂದೇ ಗುಂಪಾಗಿಸಿ ಬೇಕಾದ ಗಾತ್ರದ ಭಾಗಗಳಾಗಿ ಹಂಚುವ ವ್ಯವಸ್ಥೆಯಲ್ಲೂ ಇಂಥದೇ ಕ್ರಮವಿದೆ. ಅಲ್ಲಿ ಕಾಡುವ ತೊಡಕು ಬೇರೆ: ಎರಡೂ ಸರ್ವರ್‌ಗಳಲ್ಲಿ ಅನುಸ್ಥಾಪನೆಯ ವೇಳೆ ತಾನಾಗಿ ಬಂದ ಒಂದೇ ಹೆಸರಿನ ಗುಂಪುಗಳಿದ್ದರೆ ಗೊಂದಲವಾಗುವುದರಿಂದ, ಡಿಸ್ಕ್ ಹೊರಡುವ ಮೊದಲೇ ಅದರ ಗುಂಪಿನ ಹೆಸರನ್ನು ಬದಲಿಸಿಡುವುದು ಜಾಣತನ.

ಗೂಢಲಿಪಿಯ ರಕ್ಷಣೆಯಿರುವ ಡಿಸ್ಕ್‌ಗಳ ಬಗ್ಗೆ ಪ್ರತ್ಯೇಕವಾಗಿ ಯೋಚಿಸಬೇಕು. ಲಿನಕ್ಸ್‌ನ ಲಕ್ಸ್ ಪದ್ಧತಿಯಲ್ಲಿ ಡಿಸ್ಕಿನ ಬೀಗದ ಮೂಲ ಕೀಲಿ ಅದರ ಆರಂಭದ ಹೆಡರ್ ಎಂಬ ಭಾಗದಲ್ಲಿ, ಗುಪ್ತಪದದಿಂದ ಮುಚ್ಚಿದ ರೂಪದಲ್ಲಿ ಇರುತ್ತದೆ. ಆ ಕೆಲವೇ ಮೆಗಾಬೈಟ್ ಅಳಿಸಿಹೋದರೆ ಗುಪ್ತಪದ ಸರಿಯಾಗಿ ನೆನಪಿದ್ದರೂ ಇಡೀ ಡಿಸ್ಕ್ ನಿರರ್ಥಕವಾಗುತ್ತದೆ. ಆದ್ದರಿಂದ ಹೆಡರ್‌ನ ಪ್ರತಿಯೊಂದನ್ನು ಬೇರೆಡೆ ಭದ್ರವಾಗಿ ಇಡುವುದು ಅವಶ್ಯ. ವಿಂಡೋಸ್‌ನ ಬಿಟ್‌ಲಾಕರ್ ಕೀಲಿಯನ್ನು ಅನೇಕ ವೇಳೆ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಬಿಗಿದಿರುತ್ತದೆ. ಡಿಸ್ಕ್ ಬೇರೆ ಯಂತ್ರಕ್ಕೆ ಹೋದಾಗ ಆ ಚಿಪ್ ಜೊತೆಗಿರುವುದಿಲ್ಲವಾದ್ದರಿಂದ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೊಡಲೇಬೇಕಾಗುತ್ತದೆ. ಆ ಕೀಲಿ ಎಲ್ಲಿದೆ ಎಂಬುದನ್ನು ಹಳೆಯ ಸರ್ವರ್ ಇನ್ನೂ ಚಾಲನೆಯಲ್ಲಿರುವಾಗಲೇ ಪತ್ತೆಮಾಡಿಟ್ಟುಕೊಳ್ಳಬೇಕು.

ಇಷ್ಟು ಪದರಗಳನ್ನು ಅರಿತ ಮೇಲೆ ಸಿದ್ಧತೆಯ ಕ್ರಮ ತಾನಾಗಿ ಸ್ಪಷ್ಟವಾಗುತ್ತದೆ. ಎಲ್ಲಕ್ಕೂ ಮೊದಲು ಬೇಕಾದುದು ಬ್ಯಾಕಪ್, ಅಂದರೆ ಸಾಗಬೇಕಾದ ಡಿಸ್ಕಿಗೆ ಯಾವ ಸಂಬಂಧವೂ ಇಲ್ಲದ ಬೇರೊಂದು ಸಾಧನದಲ್ಲಿ ಪೂರ್ಣ ಪ್ರತಿ. ರೇಡ್ ಇದೆ ಎಂಬುದು ಬ್ಯಾಕಪ್ ಇಲ್ಲದಿರುವುದಕ್ಕೆ ಸಮಾಧಾನವಾಗದು. ರೇಡ್ ಕಾಯುವುದು ಡಿಸ್ಕಿನ ವೈಫಲ್ಯದಿಂದ ಮಾತ್ರ, ಅಳಿಸುವ ಆದೇಶ ಬಂದಾಗ ಅದು ಎಲ್ಲ ಡಿಸ್ಕ್‌ಗಳಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಬ್ಯಾಕಪ್ ಆದ ಮೇಲೆ ಅದರಿಂದ ಕೆಲವು ಕಡತಗಳನ್ನು ತೆರೆದು ನೋಡುವುದೂ ಅಷ್ಟೇ ಮುಖ್ಯ. ಎರಡನೆಯದಾಗಿ ಡಿಸ್ಕಿನ ಆರೋಗ್ಯ ತಪಾಸಣೆ: ಸ್ಮಾರ್ಟ್ ಎಂಬ ಸ್ವಯಂ ನಿಗಾ ವ್ಯವಸ್ಥೆಯ ದಾಖಲೆಗಳಲ್ಲಿ 5ನೆಯದು ಕೆಟ್ಟು ಬದಲಾದ ಸೆಕ್ಟರ್‌ಗಳ ಲೆಕ್ಕವನ್ನೂ 197ನೆಯದು ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರ್‌ಗಳ ಲೆಕ್ಕವನ್ನೂ ತಿಳಿಸುತ್ತವೆ. ಇವು ಏರುತ್ತಿದ್ದರೆ ಆ ಡಿಸ್ಕ್ ಪ್ರಯಾಣಕ್ಕೆ ಯೋಗ್ಯವಲ್ಲ. ಅದರ ಮೇಲೆ ದುರಸ್ತಿಯ ಪ್ರಯೋಗ ನಡೆಸದೆ, ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನು ನಕಲಿಸಿ ಕಷ್ಟದ ಭಾಗಗಳಿಗೆ ಅನಂತರ ಮರಳುವ ಗ್ನು ಡಿಡಿರೆಸ್ಕ್ಯೂನಂಥ ಉಪಕರಣದಿಂದ ಅದರ ಬಿಂಬವನ್ನು ತೆಗೆದುಕೊಳ್ಳಬೇಕು.

ಮೂರನೆಯದು ದಾಖಲೆ. ಪಾರ್ಟಿಷನ್ ಕೋಷ್ಟಕ, ರೇಡ್‌ನ ವಿವರ, ಎಲ್‌ವಿಎಂ ಗುಂಪುಗಳ ಹೆಸರು, ಪ್ರತಿ ಡಿಸ್ಕಿನ ಕ್ರಮಸಂಖ್ಯೆ ಮತ್ತು ಅದು ಕುಳಿತಿದ್ದ ಗೂಡಿನ ಸಂಖ್ಯೆ ಇವನ್ನೆಲ್ಲ ಬರೆದು, ಆ ಬರಹವನ್ನು ಸಾಗಿಸುವ ಡಿಸ್ಕಿನಲ್ಲಿ ಅಲ್ಲದೆ ಕಾಗದದಲ್ಲೂ ಇನ್ನೊಂದು ಕಂಪ್ಯೂಟರ್‌ನಲ್ಲೂ ಇಡಬೇಕು. ಡಿಸ್ಕಿನ ಮೇಲೊಂದು ಚೀಟಿ ಅಂಟಿಸಿ ಗೂಡಿನ ಸಂಖ್ಯೆ ಬರೆಯುವುದು ತೀರಾ ಸಣ್ಣ ಕೆಲಸವಾದರೂ, ಒಂದೇ ಬಗೆಯ ಎಂಟು ಡಿಸ್ಕ್‌ಗಳು ಮೇಜಿನ ಮೇಲೆ ಸಾಲಾಗಿ ಕುಳಿತಾಗ ಅವುಗಳಿಗೆ ಗುರುತು ಕೊಡುವುದು ಆ ಚೀಟಿಯೇ. ಇದಾದ ಮೇಲೆ ದತ್ತಾಂಶವನ್ನು ಬಳಸುವ ಡೇಟಾಬೇಸ್ ಮುಂತಾದ ಸೇವೆಗಳನ್ನು ನಿಲ್ಲಿಸಿ, ಕಡತ ವ್ಯವಸ್ಥೆಯನ್ನು ಕಳಚಿ, ಸರ್ವರ್ ಅನ್ನು ಕ್ರಮವಾಗಿ ಮುಚ್ಚಬೇಕು.

ಕೈಯ ಕೆಲಸ ಆರಂಭವಾಗುವುದು ಇಲ್ಲಿಂದ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನ ತಟ್ಟೆ ಸೆಕೆಂಡಿಗೆ 120 ಬಾರಿ ಸುತ್ತುತ್ತದೆ, ಮತ್ತು ಓದುವ ಮುಳ್ಳು ಅದರ ಮೇಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಆದ್ದರಿಂದ ವಿದ್ಯುತ್ ಕಡಿದ ಮೇಲೆ ತಟ್ಟೆಗಳು ನಿಂತು ಮುಳ್ಳು ತನ್ನ ತಂಗುದಾಣ ಸೇರಲು ಅರ್ಧ ನಿಮಿಷವಾದರೂ ಬಿಟ್ಟು ಡಿಸ್ಕನ್ನು ಹೊರತೆಗೆಯಬೇಕು. ದೇಹದಲ್ಲಿ ಸಂಗ್ರಹವಾಗುವ ಸ್ಥಿರ ವಿದ್ಯುತ್ತು ಮನುಷ್ಯರ ಅರಿವಿಗೆ ಬಾರದಷ್ಟು ಸಣ್ಣದಾಗಿದ್ದಾಗಲೂ ಡಿಸ್ಕಿನ ವಿದ್ಯುನ್ಮಾನ ಫಲಕವನ್ನು ಕೆಡಿಸಬಲ್ಲುದಾದ್ದರಿಂದ, ಭೂಸಂಪರ್ಕದ ಮಣಿಕಟ್ಟಿನ ಪಟ್ಟಿ ಧರಿಸಿ, ಡಿಸ್ಕನ್ನು ಸ್ಥಿರ ವಿದ್ಯುತ್ ತಡೆಯುವ ಚೀಲದಲ್ಲಿಟ್ಟು, ಮೆತ್ತನೆಯ ಹೊದಿಕೆಯೊಂದಿಗೆ ಸಾಗಿಸಬೇಕು. ಜೋಡಣೆಯ ತುದಿಗಳೂ ಹೊಂದಬೇಕು: ಸಾಟಾ ಡಿಸ್ಕ್ ಎಸ್‌ಎಎಸ್ ಗೂಡಿನಲ್ಲಿ ಕೂರುತ್ತದೆ, ಎಸ್‌ಎಎಸ್ ಡಿಸ್ಕ್ ಸಾಟಾ ಗೂಡಿನಲ್ಲಿ ಕೂರುವುದಿಲ್ಲ. ಯುಎಸ್‌ಬಿ ಮೂಲಕ ಜೋಡಿಸುವ ಕೆಲವು ಡಬ್ಬಿಗಳು 512 ಬೈಟ್‌ಗಳ ಸೆಕ್ಟರ್‌ಗಳನ್ನು 4096 ಬೈಟ್‌ಗಳವು ಎಂಬಂತೆ ತೋರಿಸುವುದರಿಂದ, ಸರಿಯಾಗಿಯೇ ಇರುವ ಪಾರ್ಟಿಷನ್ ಕೋಷ್ಟಕ ಅವುಗಳಲ್ಲಿ ಕಾಣದೆ ಹೋಗುವುದೂ ಉಂಟು. ಡಿಸ್ಕ್ ಖಾಲಿಯಾಗಿದೆ ಎಂಬ ಸಂದೇಶ ಬಂದೊಡನೆ ಗಾಬರಿಯಾಗದೆ, ಅದನ್ನು ನೇರ ಸಾಟಾ ಸಂಪರ್ಕಕ್ಕೆ ಜೋಡಿಸಿ ನೋಡಬೇಕು.

ಹೊಸ ಸರ್ವರ್‌ನಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಮೊದಲು ಓದುವುದು, ಎಲ್ಲವೂ ಸರಿಯೆಂದು ಖಚಿತವಾಗುವ ತನಕ ಬರೆಯದಿರುವುದು. ಲಿನಕ್ಸ್‌ನಲ್ಲಿ ಕಡತ ವ್ಯವಸ್ಥೆಯನ್ನು ‘ಓದಲು ಮಾತ್ರ’ ಎಂದು ಜೋಡಿಸುವ ಸೌಲಭ್ಯವಿದೆ. ಆದರೆ ಹಿಂದಿನ ಬಾರಿ ಸರಿಯಾಗಿ ಮುಚ್ಚದಿದ್ದ ಎಕ್ಸ್ಟ್4, ಹಾಗೆ ಜೋಡಿಸಿದಾಗಲೂ ಜರ್ನಲ್ ಎಂಬ ತನ್ನ ಬದಲಾವಣೆಗಳ ದಾಖಲೆಯನ್ನು ಡಿಸ್ಕಿಗೆ ಇಳಿಸಲು ತೊಡಗುವುದರಿಂದ, ಸಂದೇಹವಿದ್ದಾಗ ಜರ್ನಲ್ ಅನ್ನು ಇಳಿಸಬಾರದೆಂಬ ಆಯ್ಕೆಯನ್ನೂ ಸೇರಿಸಬೇಕು. ಡಿಸ್ಕ್‌ಗಳಿಗೆ ವ್ಯವಸ್ಥೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಅವು ಪತ್ತೆಯಾದ ಕ್ರಮವನ್ನು ಅನುಸರಿಸಿ ಬದಲಾಗುತ್ತವೆ. ನಿನ್ನೆ ಎಸ್‌ಡಿಬಿ ಆಗಿದ್ದ ಡಿಸ್ಕ್ ಇಂದು ಎಸ್‌ಡಿಎ ಆಗಿರಬಹುದಾದ್ದರಿಂದ, ಕಡತ ವ್ಯವಸ್ಥೆಗೆ ಹುಟ್ಟಿನಿಂದಲೇ ಬರುವ ಯುಯುಐಡಿ ಎಂಬ ವಿಶಿಷ್ಟ ಸಂಖ್ಯೆಯಿಂದ ಅದನ್ನು ಗುರುತಿಸುವುದು ಕ್ಷೇಮಕರ.

ಕಾರ್ಯಾಚರಣ ವ್ಯವಸ್ಥೆಯೇ ಇರುವ ಡಿಸ್ಕನ್ನು ಸಾಗಿಸಿದಾಗ ಹೊಸ ಯಂತ್ರ ಅದರಿಂದ ಆರಂಭವಾಗದಿರುವುದು ಆಶ್ಚರ್ಯವಲ್ಲ, ಏಕೆಂದರೆ ಯುಇಎಫ್‌ಐ ಪದ್ಧತಿಯ ಯಂತ್ರಗಳಲ್ಲಿ ಯಾವ ಡಿಸ್ಕಿನ ಯಾವ ಕಡತದಿಂದ ಆರಂಭಿಸಬೇಕೆಂಬ ದಾಖಲೆ ಮದರ್‌ಬೋರ್ಡಿನ ಸ್ಮೃತಿಯಲ್ಲಿ ಉಳಿದಿರುತ್ತದೆ, ಹೊಸ ಕಂಟ್ರೋಲರ್‌ಗೆ ಬೇಕಾದ ಚಾಲಕ ತಂತ್ರಾಂಶವೂ ಇರದಿರಬಹುದು. ಆರಂಭವಾಗದಿರುವುದು ದತ್ತಾಂಶದ ನಷ್ಟವಲ್ಲ. ಅದರಿಂದ ಕಂಗೆಟ್ಟು ಅದೇ ಡಿಸ್ಕಿನ ಮೇಲೆ ವ್ಯವಸ್ಥೆಯನ್ನು ಮರುಸ್ಥಾಪಿಸಲು ಹೊರಟಾಗಲೇ ನಷ್ಟವಾಗುತ್ತದೆ. ದತ್ತಾಂಶ ಕಾಣಿಸಿದ ಮೇಲೂ ಒಡೆತನದ ಪ್ರಶ್ನೆ ಉಳಿಯುತ್ತದೆ: ಲಿನಕ್ಸ್ ಕಡತದ ಒಡೆಯರ ಹೆಸರನ್ನು ಬರೆಯದೆ ಸಂಖ್ಯೆಯನ್ನು ಮಾತ್ರ ಬರೆಯುವುದರಿಂದ, ಹಳೆಯ ಸರ್ವರ್‌ನಲ್ಲಿ ಲೆಕ್ಕಪತ್ರ ವಿಭಾಗದ್ದಾಗಿದ್ದ 1001ನೇ ಸಂಖ್ಯೆ ಹೊಸದರಲ್ಲಿ ಬೇರೊಬ್ಬರದಾಗಿದ್ದರೆ ಗೋಪ್ಯ ಕಡತಗಳು ಅವರಿಗೆ ತೆರೆದುಕೊಳ್ಳುತ್ತವೆ.

ಡಿಸ್ಕನ್ನೇ ಒಯ್ಯದೆ ಕಡತಗಳನ್ನು ಮಾತ್ರ ನಕಲಿಸುವ ದಾರಿ ನಿಧಾನವಾದರೂ ಮೂಲವನ್ನು ಮುಟ್ಟದಿರುವುದರಿಂದ ಹೆಚ್ಚು ಸುರಕ್ಷಿತ. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ಪ್ರಕಟಿಸಿದ ಆರ್‌ಸಿಂಕ್ ಎಂಬ ಉಪಕರಣ ಬದಲಾದ ಭಾಗಗಳನ್ನಷ್ಟೇ ಕಳಿಸುವುದರಿಂದ, ಸರ್ವರ್ ನಡೆಯುತ್ತಿರುವಾಗಲೇ ಮೊದಲ ನಕಲು ಮಾಡಿಕೊಂಡು, ಸೇವೆ ನಿಲ್ಲಿಸಿದ ಮೇಲೆ ಉಳಿದ ಬದಲಾವಣೆಗಳನ್ನು ಮಾತ್ರ ಸಾಗಿಸಬಹುದು. ಕನ್ನಡದಲ್ಲಿ ಹೆಸರಿಟ್ಟ ಕಡತಗಳಿಗೆ ಇಲ್ಲಿ ವಿಶೇಷ ಗಮನ ಬೇಕು. ಎಕ್ಸ್ಟ್4ನಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ 85 ಸಂಕೇತಗಳಿಗೇ ಮಿತಿ ಮುಗಿಯುತ್ತದೆ, ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳನ್ನು, ಅಂದರೆ 18 ಬೈಟ್‌ಗಳನ್ನು ಬಳಸುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಲೆಕ್ಕ ಬೇರೆಯಾದ್ದರಿಂದ 255 ಸಂಕೇತಗಳವರೆಗೆ ಅವಕಾಶವಿದ್ದು, ವಿಂಡೋಸ್‌ನಲ್ಲಿ ಸರಾಗವಾಗಿದ್ದ ಉದ್ದನೆಯ ಕನ್ನಡ ಹೆಸರು ಲಿನಕ್ಸ್‌ಗೆ ನಕಲಾಗದೆ ಹಿಂದುಳಿಯಬಹುದು. ಇನ್ನು ಗುಡಿಸಿನ ದೀರ್ಘದಂಥ ಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡಾಗಿ ಬಿಡಿಸಿಯೂ ಬರೆಯಲು ಬರುತ್ತದೆ; ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಬಿಡಿಸಿದ ರೂಪವನ್ನೇ ಇಡುತ್ತಿದ್ದುದರಿಂದ, ಅಲ್ಲಿಂದ ಬಂದ ಕಡತದ ಹೆಸರು ಕಣ್ಣಿಗೆ ಅದೇ ಆಗಿದ್ದರೂ ಲಿನಕ್ಸ್‌ಗೆ ಬೇರೆ ಹೆಸರಾಗಿ ತೋರಬಹುದು. ಆದ್ದರಿಂದ ನಕಲು ಮುಗಿದಾಗ ದೋಷಗಳ ಪಟ್ಟಿಯನ್ನು ಓದಿ, ಕಡತಗಳ ಸಂಖ್ಯೆಯನ್ನು ಹೋಲಿಸಿ, ಕಡತದ ಒಳಗಿನ ಬೈಟ್‌ಗಳಿಂದ ಲೆಕ್ಕಹಾಕಿದ ಎಸ್‌ಎಚ್‌ಎ-256 ಮೊತ್ತಗಳು ಎರಡೂ ಕಡೆ ಒಂದೇ ಆಗಿವೆಯೇ ಎಂದು ಪರೀಕ್ಷಿಸಬೇಕು.

ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಲ್ಲ ತಂಡಗಳೂ ಲಿಖಿತ ಕಾರ್ಯವಿಧಾನಗಳೂ ಇರುತ್ತವೆ. ಸಹಕಾರ ಸಂಘ, ಶಾಲೆ, ಸಣ್ಣ ಆಸ್ಪತ್ರೆ, ಮುದ್ರಣಾಲಯಗಳಲ್ಲಿ ಈ ಕೆಲಸ ಒಬ್ಬರ ಹೆಗಲಿಗೆ, ಅದೂ ಬಿಡುವಿಲ್ಲದ ದಿನದ ನಡುವೆ ಬೀಳುತ್ತದೆ. ಅಲ್ಲಿ ಕಳೆದುಹೋಗುವುದು ಮತ್ತೆ ಯಾರೂ ಬರೆಯಲಾಗದ ಸದಸ್ಯರ ಲೆಕ್ಕ, ರೋಗಿಗಳ ಚಿಕಿತ್ಸೆಯ ವಿವರ, ವಿದ್ಯಾರ್ಥಿಗಳ ಅಂಕಪಟ್ಟಿಗಳು. ಆದ್ದರಿಂದ ಆಡಳಿತ ಮಂಡಳಿಗಳು ಹೊಸ ಸರ್ವರ್‌ಗೆ ಹಣ ಮಂಜೂರು ಮಾಡುವಾಗ, ಬ್ಯಾಕಪ್‌ಗೆ ಬೇಕಾದ ಹೆಚ್ಚುವರಿ ಡಿಸ್ಕ್‌ಗಳನ್ನೂ ಸೇವೆ ನಿಲ್ಲಿಸಿ ನಿಧಾನವಾಗಿ ಕೆಲಸ ಮಾಡಲು ಬೇಕಾದ ರಜೆಯ ದಿನವನ್ನೂ ಅದರ ಭಾಗವೆಂದೇ ಎಣಿಸಬೇಕು. ಹೊಸ ಸರ್ವರ್‌ನಲ್ಲಿ ಎಲ್ಲವೂ ಸರಿಯಾಗಿ ನಡೆದು, ಅದರಿಂದಲೇ ಹೊಸದಾಗಿ ತೆಗೆದ ಬ್ಯಾಕಪ್‌ನಿಂದ ಕಡತಗಳನ್ನು ಮರಳಿ ಪಡೆಯಲು ಬರುತ್ತದೆಂದು ಸಾಬೀತಾಗುವ ತನಕ ಹಳೆಯ ಪ್ರತಿಯನ್ನು ಯಾರೂ ಅಳಿಸಬಾರದು.